ನೆರಳು, ನೀರು, ಹಪ್ಪಳ, ಮಳೆ: ಕಾಸರಗೋಡಿನ ಮನೆಯಲ್ಲಿ ಬೇಸಿಗೆ ರಜೆಯ ಎಲೆಕ್ಟ್ರಾನಿಕ್ಸ್

ನಮ್ಮ ಕಾಸರಗೋಡಿನಲ್ಲಿ ಮಕ್ಕಳಿಗೆ ಎಪ್ರಿಲ್, ಮೇ ಎರಡು ತಿಂಗಳು ರಜೆ. ಜೂನ್ ಒಂದರ ಹೊತ್ತಿಗೆ ಶಾಲೆಯೂ ಶುರು, ಮಳೆಯೂ ಶುರು. ಈ ಎರಡು ತಿಂಗಳಲ್ಲಿ ಏನಾದರೂ ತಾಂತ್ರಿಕವಾದದ್ದನ್ನು ಮಕ್ಕಳ ಜೊತೆ ಕೂತು ಮಾಡಬೇಕು ಎಂಬ ಆಸೆ ಎಲೆಕ್ಟ್ರಾನಿಕ್ಸ್ ಹುಚ್ಚಿರುವ ಎಲ್ಲಾ ಅಪ್ಪ ಅಮ್ಮಂದಿರಿಗೂ ಇರುತ್ತದೆ. ಹೆಚ್ಚಿನವರು ಒಂದು ರೋಬೋಟ್ ಕಿಟ್ ತರಿಸುತ್ತಾರೆ. ಎರಡು ದಿನ ಅದು ಓಡಾಡುತ್ತದೆ, ಮೂರನೇ ದಿನ ಕಪಾಟು ಸೇರುತ್ತದೆ. ಮನೆಗೆ ಅದರಿಂದ ಏನೂ ಕೆಲಸ ಇಲ್ಲ, ಅದಕ್ಕೇ.

ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದ ಕ್ರಮ ಬೇರೆ. ಮನೆಗೆ ನಿಜವಾಗಿ ಬೇಕಾದ ನಾಲ್ಕು ವಿಷಯಗಳನ್ನು ಅಳೆಯುತ್ತೇವೆ: ಸೂರ್ಯ, ನೀರು, ಬಿಸಿಲು, ಮಳೆ. ನಿಯಮ ಒಂದೇ. ಮೊದಲು ಕೈಯಲ್ಲಿ ಅಳೆಯಬೇಕು, ಆಮೇಲೆ ಸೆನ್ಸರ್. ಸೆನ್ಸರ್ ಹೇಳಿದ ಉತ್ತರ ಸರಿಯೋ ತಪ್ಪೋ ಎಂದು ಮಗುವಿಗೆ ಗೊತ್ತಾಗಬೇಕಾದರೆ ಆ ಉತ್ತರ ಅದರ ಕೈಗೆ ಮೊದಲೇ ಪರಿಚಯ ಇರಬೇಕು. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಚಿಕ್ಕವರು ಹಿಡಿದುಕೊಳ್ಳಲಿ, ದೊಡ್ಡವರು ಲೆಕ್ಕ ಮಾಡಲಿ.

ಶುರು ಮಾಡುವ ಮೊದಲು

ದಿನದ ವೇಳೆ ಗಟ್ಟಿ ಮಾಡಿಕೊಳ್ಳಿ. ಬೆಳಗ್ಗೆ ಏಳರಿಂದ ಹತ್ತು ಹೊರಗಿನ ಕೆಲಸ. ಮಧ್ಯಾಹ್ನ ಊಟದ ನಂತರ ಫ್ಯಾನಿನ ಕೆಳಗೆ ವೈರಿಂಗ್, ಪ್ರೋಗ್ರಾಮ್. ಸಂಜೆ ನಾಲ್ಕರ ನಂತರ ಮೂಡು ದಿಕ್ಕಿನಲ್ಲಿ ಕಪ್ಪು ಮೋಡ ಎದ್ದರೆ ಎಲ್ಲಾ ಪ್ಲಗ್ ಕಿತ್ತುಬಿಡಿ, ಮಕ್ಕಳನ್ನು ಗುಡ್ಡೆಯಿಂದ ಇಳಿಸಿ. ಎಪ್ರಿಲ್, ಮೇ ತಿಂಗಳ ಸಿಡಿಲಿನ ಜೊತೆ ಆಟ ಬೇಡ.

ಸಾಮಾನು ಜಾಸ್ತಿ ಬೇಡ. ಒಂದು ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಮ್ ಹಾಕಬಹುದಾದ ಚಿಕ್ಕ ಕಂಪ್ಯೂಟರ್, 500 ರೂಪಾಯಿ ಆಸುಪಾಸು), ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಹಲಗೆ), ಜಂಪರ್ ವೈರ್, ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸೋನಿಕ್ (ಶಬ್ದದಿಂದ ದೂರ ಅಳೆಯುವ) ಸೆನ್ಸರ್, ಡಿಎಚ್‌ಟಿ22 ಎಂಬ ಉಷ್ಣತೆ ಮತ್ತು ತೇವಾಂಶದ ಸೆನ್ಸರ್, ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್), ಚಿಕ್ಕ ಅಯಸ್ಕಾಂತ, ಕೆಲವು ರೆಸಿಸ್ಟರ್. ಆನ್‌ಲೈನಿನಲ್ಲಿ ಮಾರ್ಚ್ ಕೊನೆಗೇ ತರಿಸಿಡಿ. ಒಳನಾಡಿನ ಊರುಗಳಿಗೆ ಪಾರ್ಸೆಲ್ ಬರುವಾಗ ತಡವಾಗುತ್ತದೆ, ಅಷ್ಟರಲ್ಲಿ ಮಕ್ಕಳ ಉಮೇದು ಇಳಿದಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಟೇಪು, ಬಕೆಟ್, ಒಂದು ದಪ್ಪ ನೋಟುಪುಸ್ತಕ ಮನೆಯಲ್ಲೇ ಸಿಗುತ್ತವೆ.

ಲ್ಯಾಪ್‌ಟಾಪ್ ಹಳೆಯದಾದರೂ ಸಾಕು. ಕೇರಳದ ಶಾಲೆಗಳಲ್ಲಿ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಬಳಸುವುದರಿಂದ ನಮ್ಮ ಮಕ್ಕಳಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಟ ಮಾಡಿದ ಮಗು, ಬೋರ್ಡಿಗೆ ಬರೆಯುವ ಮೈಕ್ರೋಪೈಥಾನ್ ಭಾಷೆಗೆ ಬರಲು ಹೆದರುವುದಿಲ್ಲ. ಥಾನಿ ಎಂಬ ಉಚಿತ ಎಡಿಟರ್ ಹಾಕಿಕೊಂಡರೆ ಯುಎಸ್‌ಬಿ ಕೇಬಲ್ ಚುಚ್ಚಿ ನೇರವಾಗಿ ಬೋರ್ಡಿಗೆ ಬರೆಯಬಹುದು.

ಎಪ್ರಿಲ್ 23: ನೆರಳಿಲ್ಲದ ಮಧ್ಯಾಹ್ನ

ಕಾಸರಗೋಡು ಪಟ್ಟಣ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಉತ್ತರಕ್ಕೆ ಸರಿಯುತ್ತಾ ಎಪ್ರಿಲ್ 23ರ ಹೊತ್ತಿಗೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಅದು ರಜೆಯ ನಡುವೆಯೇ ಬರುತ್ತದೆ ಎಂಬುದು ನಮ್ಮ ಭಾಗ್ಯ. ಆಗಸ್ಟ್ 19ರ ಸುಮಾರಿಗೆ ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡ. ಎಪ್ರಿಲ್ 22, 23, 24 ಮೂರು ದಿನವೂ ಪ್ರಯತ್ನಿಸಿ, ಒಂದು ದಿನ ಮೋಡ ಇದ್ದರೂ ನಷ್ಟವಿಲ್ಲ.

ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲನ್ನು ಅಂಗಳದಲ್ಲಿ ನೆಡಿ. ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಕೋಲು ಲಂಬವಾಗಿದೆಯಾ ಎಂದು ಎರಡು ಕಡೆಯಿಂದ ನೋಡಿ. ಬುಡದಲ್ಲಿ ಬಿಳಿ ಹಾಳೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಡಿ. ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಹಾಕಿ, ಪಕ್ಕದಲ್ಲಿ ಸಮಯ ಬರೆಯಿರಿ. ಪಡುವಣಕ್ಕೆ ಬಿದ್ದಿದ್ದ ನೆರಳು ಬೇಗಬೇಗ ಕುಗ್ಗಿ ಬುಡ ಸೇರುತ್ತದೆ, ಮತ್ತೆ ಮೂಡುವ ಕಡೆಗೆ ಚಾಚಿಕೊಳ್ಳುತ್ತದೆ. ಪಕ್ಕದಲ್ಲೇ ಅರ್ಧ ಮೀಟರ್ ಪಿವಿಸಿ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿದರೆ ಆ ಹೊತ್ತಿಗೆ ಬಿಸಿಲು ಗೋಡೆಗೆ ತಾಗದೆ ನೇರ ತಳಕ್ಕೆ ಇಳಿಯುವುದು ಕಾಣುತ್ತದೆ. ಸೂರ್ಯನನ್ನು ಮಾತ್ರ ಯಾರೂ ನೇರವಾಗಿ ನೋಡಬಾರದು.

ಈಗ ಲೆಕ್ಕ. ನೆರಳು ಒಂದೇ ಉದ್ದ ಇದ್ದ ಎರಡು ಸಮಯ ಹುಡುಕಿ, ಒಂದು ಮಧ್ಯಾಹ್ನಕ್ಕೆ ಮೊದಲಿನದು, ಒಂದು ನಂತರದ್ದು. ಉದಾಹರಣೆಗೆ 11:48 ಮತ್ತು 1:08. ಇವುಗಳ ನಡುಬಿಂದು 12:28. ಅದೇ ನಮ್ಮ ಊರಿನ ನಿಜವಾದ ನಡುಮಧ್ಯಾಹ್ನ. ಗಡಿಯಾರದಲ್ಲಿ ಹನ್ನೆರಡು ಆಗಿ ಅರ್ಧ ಗಂಟೆ ಯಾಕೆ ತಡ? ಭಾರತದ ಸಮಯವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದಾರೆ. ನಾವಿರುವುದು 75ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಏಳೂವರೆ ಡಿಗ್ರಿಗೆ 30 ನಿಮಿಷ. ಉಳಿದ ಒಂದೆರಡು ನಿಮಿಷ ಭೂಮಿಯ ಅಕ್ಷದ ವಾರೆ ಮತ್ತು ಕಕ್ಷೆಯ ದೀರ್ಘವೃತ್ತದ ಲೆಕ್ಕ.

ಇದನ್ನು ಇನ್ನೂ ಚಂದ ಮಾಡಲು ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಕ್ಕಳಿಗೂ ಒಂದು ಕೋಲು ನೆಡಲು ಹೇಳಿ. ಅವರಿಗೆ ನಡುಮಧ್ಯಾಹ್ನ ಬರುವುದು 12:18ರ ಹೊತ್ತಿಗೆ, ನೆರಳಿಲ್ಲದ ದಿನ ಬರುವುದು ನಮಗಿಂತ ಒಂದೆರಡು ದಿನ ತಡವಾಗಿ. ಹತ್ತು ನಿಮಿಷದ ಅಂತರವನ್ನು ನಾಲ್ಕರಿಂದ ಭಾಗಿಸಿದರೆ ಎರಡೂವರೆ ಡಿಗ್ರಿ. ಎರಡು ಊರಿನ ನಡುವಿನ ರೇಖಾಂಶದ ವ್ಯತ್ಯಾಸವನ್ನು ಮಕ್ಕಳು ಎರಡು ಕೋಲು ಮತ್ತು ಒಂದು ಫೋನಿನಲ್ಲಿ ಅಳೆದರು ಅಂತಾಯಿತು. ಇದಕ್ಕಿಂತ ಒಳ್ಳೆಯ ವಿಡಿಯೋ ಕಾಲ್ ನಾನು ಕಂಡಿಲ್ಲ.

ಕೋಲನ್ನು ಕೀಳಬೇಡಿ. ಮೇ 20ರ ಸುಮಾರಿಗೆ ಅದೇ ನಡುಮಧ್ಯಾಹ್ನಕ್ಕೆ ನೋಡಿ. ನೆರಳು ಸುಮಾರು 13 ಸೆಂಟಿಮೀಟರ್ ಉದ್ದ, ಅದೂ ದಕ್ಷಿಣಕ್ಕೆ! ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ.

ಸುರಂಗದ ನೀರು ಎಷ್ಟು?

ನಮ್ಮ ಕಡೆಯ ಗುಡ್ಡೆಗಳಲ್ಲಿ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲನ್ನು) ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳಿವೆ. ಪಂಪು ಇಲ್ಲ, ಕರೆಂಟು ಇಲ್ಲ, ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹರಿದು ಹೊರಗೆ ಬರುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹಾಯಿಸುತ್ತಿದ್ದ ನೀರು ಈಗ ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ನಿಮ್ಮ ಮನೆಯಲ್ಲಿ ಸುರಂಗ ಇದ್ದರೆ ಬೇಸಿಗೆಯ ಅತಿ ದೊಡ್ಡ ಪ್ರಯೋಗಾಲಯ ಅದೇ. ಒಳಗೆ ಮಾತ್ರ ಮಕ್ಕಳನ್ನು ಬಿಡಬೇಡಿ. ಗಾಳಿ ಕಮ್ಮಿ ಇರಬಹುದು, ಹಾವು, ಬಾವಲಿ ಇರಬಹುದು, ಮಣ್ಣು ಜಾರಬಹುದು. ಎಲ್ಲಾ ಕೆಲಸ ಬಾಯಿಯ ಹೊರಗೆ.

ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಪೈಪಿನ ಬಾಯಿಗೆ 10 ಲೀಟರಿನ ಬಕೆಟ್ ಹಿಡಿಯಿರಿ. ಬಕೆಟ್ಟಿನಲ್ಲಿ ನಿಜವಾಗಿ 10 ಲೀಟರ್ ಎಲ್ಲಿಗೆ ಬರುತ್ತದೆ ಎಂದು ಒಂದು ಲೀಟರಿನ ಬಾಟಲಿಯಿಂದ ಹೊಯ್ದು ಮೊದಲೇ ಗೆರೆ ಹಾಕಿ. ಅಂಗಡಿಯವರು ಹೇಳುವ ಅಳತೆ ಅಂಚಿನವರೆಗಿನದು. ಒಬ್ಬರು ಬಕೆಟ್, ಒಬ್ಬರು ಸ್ಟಾಪ್‌ವಾಚ್. ಮೂರು ಸಲ ಹಿಡಿದು ಸರಾಸರಿ ತೆಗೆಯಿರಿ. ತುಂಬಲು 100 ಸೆಕೆಂಡ್ ಬೇಕಾದರೆ ನಿಮಿಷಕ್ಕೆ 6 ಲೀಟರ್, ದಿನಕ್ಕೆ 8,640 ಲೀಟರ್.

ಆ ಸಂಖ್ಯೆಯನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಹಾಕಿ ಗೋಡೆಗೆ ಅಂಟಿಸಿ. ವಾರ ವಾರಕ್ಕೂ ಗೆರೆ ಇಳಿಯುತ್ತಾ ಹೋಗುತ್ತದೆ. ಮೊದಲ ಬೇಸಿಗೆ ಮಳೆ ಬಿದ್ದ ಮರುದಿನ ಮಕ್ಕಳು ಓಡಿ ಹೋಗಿ ಅಳೆಯುತ್ತಾರೆ, ಗೆರೆ ಏಳುವುದೇ ಇಲ್ಲ. ಆಗ ಅಜ್ಜನನ್ನು ಕೇಳಲು ಹೇಳಿ.

“ಅಜ್ಜ, ಮಳೆ ಬಂದರೂ ಸುರಂಗದಲ್ಲಿ ನೀರು ಯಾಕೆ ಜಾಸ್ತಿ ಆಗಲಿಲ್ಲ?”

“ಕೂಡಲೇ ಆಗುತ್ತದಾ ಮಗಳೇ? ಮೊದಲು ಗುಡ್ಡೆ ಕುಡಿಯಬೇಕು. ಅದಕ್ಕೆ ಸಾಕಾದ ಮೇಲೆ ನಮಗೆ.”

ಆ ಮಾತಿನ ಹಿಂದಿನ ವಿಜ್ಞಾನವನ್ನು ಆಮೇಲೆ ನೀವು ಹೇಳಬಹುದು. ಒಣಗಿದ ಮಣ್ಣು ಮೊದಲ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುರಕಲ್ಲಿನ ಸಂದುಗಳಲ್ಲಿ ಕೆಳಗಿಳಿಯಲು ಹೊತ್ತು ಬೇಕು. ಗುಡ್ಡೆ ಕುಡಿಯಲು ಎಷ್ಟು ದಿನ ತೆಗೆದುಕೊಂಡಿತು ಎಂಬುದು ಮಕ್ಕಳ ಗ್ರಾಫಿನಲ್ಲೇ ಸಿಗುತ್ತದೆ, ಯಾವ ಪುಸ್ತಕದಲ್ಲೂ ಇಲ್ಲ. ಸುರಂಗ ಇಲ್ಲದವರು ಬಾವಿಯಲ್ಲಿ ಮಾಡಬಹುದು. ಗುರುತು ಹಾಕಿದ ಹಗ್ಗಕ್ಕೆ ಭಾರ ಕಟ್ಟಿ, ಪಂಪು ಹಾಕುವ ಮೊದಲು ಬೆಳಗ್ಗೆ ಇಳಿಸಿ ನೋಡಿ. ದೊಡ್ಡವರು ಜೊತೆಗಿರಬೇಕು.

ಟ್ಯಾಂಕಿಗೆ ಕಿವಿ

ಈಗ ಮನೆಯ ನೀರಿನ ಟ್ಯಾಂಕಿಗೆ ಸೆನ್ಸರ್. ಅಲ್ಟ್ರಾಸೋನಿಕ್ ಸೆನ್ಸರ್ ನಮಗೆ ಕೇಳಿಸದ ಶಬ್ದ ಕಳಿಸಿ, ಅದು ತಿರುಗಿ ಬರಲು ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ. ಮೊದಲು ಮೇಜಿನ ಮೇಲೆ ಮಾಡಿ. ವಿಸಿಸಿ (ಕರೆಂಟು ಒಳಬರುವ) ಪಿನ್ನಿಗೆ 5 ವೋಲ್ಟ್, ಗ್ರೌಂಡ್‌ಗೆ ಗ್ರೌಂಡ್, ಟ್ರಿಗ್ (ಶಬ್ದ ಕಳಿಸಲು ಹೇಳುವ) ಪಿನ್ ನೇರವಾಗಿ ಬೋರ್ಡಿಗೆ. ಶಬ್ದ ತಿರುಗಿ ಬಂದ ಸುದ್ದಿ ಕೊಡುವ ಎಕೋ ಪಿನ್ನಿನಲ್ಲಿ ಜಾಗ್ರತೆ. ಅದು 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32 ತಡೆಯುವುದು 3.3 ವೋಲ್ಟ್. ಎಕೋ ಪಿನ್ನಿನಿಂದ 1 ಕಿಲೋಓಮ್ ರೆಸಿಸ್ಟರ್ ಹಾಕಿ ಬೋರ್ಡಿನ ಪಿನ್ನಿಗೆ, ಆ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್. ಮೂರರಲ್ಲಿ ಎರಡು ಪಾಲು ವೋಲ್ಟೇಜ್ ಮಾತ್ರ ಬೋರ್ಡಿಗೆ ಹೋಗುತ್ತದೆ. ಮಲ್ಟಿಮೀಟರ್ ಇದ್ದರೆ 5 ವೋಲ್ಟಿನ ಪಿನ್ನಿಗೇ ಈ ಎರಡು ರೆಸಿಸ್ಟರ್ ಕಟ್ಟಿ, ನಡುವೆ 3.3ರ ಆಸುಪಾಸು ಬರುವುದನ್ನು ಮಗುವಿನ ಕೈಯಲ್ಲೇ ಅಳೆಸಿ.

ಪ್ರೋಗ್ರಾಮ್ ಮಾಡಬೇಕಾದದ್ದು ಇಷ್ಟೇ. ಟ್ರಿಗ್ ಪಿನ್ನನ್ನು 10 ಮೈಕ್ರೋಸೆಕೆಂಡ್ ಎತ್ತಬೇಕು, ಎಕೋ ಎಷ್ಟು ಮೈಕ್ರೋಸೆಕೆಂಡ್ ಎದ್ದಿತ್ತು ಎಂದು ಎಣಿಸಬೇಕು, ಅದನ್ನು ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಬೇಕು. ಎರಡರಿಂದ ಯಾಕೆ? ಹೋಗಿ ಬರುವ ದಾರಿ ಅಲ್ವಾ. ಇಂಟರ್ನೆಟ್ಟಿನಲ್ಲಿ ಸಿಗುವ ಹೆಚ್ಚಿನ ಪ್ರೋಗ್ರಾಮ್‌ಗಳಲ್ಲಿ ವೇಗ ಸೆಕೆಂಡಿಗೆ 343 ಮೀಟರ್ ಎಂದಿರುತ್ತದೆ. ಅದು 20 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕ. ನಮ್ಮ ಮೇ ತಿಂಗಳ 32 ಡಿಗ್ರಿಯಲ್ಲಿ ವೇಗ ಸುಮಾರು 351. ಒಂದು ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಗೋಡೆಗೆ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಸೆನ್ಸರ್ ಇಟ್ಟು, ಎರಡೂ ಸಂಖ್ಯೆ ಹಾಕಿ ನೋಡಲು ಮಕ್ಕಳಿಗೆ ಬಿಡಿ. ಟೇಪು ಯಾರ ಪಕ್ಷ ವಹಿಸುತ್ತದೆ ಎಂದು ಅವರೇ ಹೇಳುತ್ತಾರೆ.

ಟ್ಯಾಂಕಿನ ಒಳಗೆ ಇಡಲು ನೀರು ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ತರಿಸಿ. ಮಾಮೂಲು ಸೆನ್ಸರ್ ಆವಿಗೆ ಬೇಗ ಹಾಳಾಗುತ್ತದೆ. ಇದಕ್ಕೆ ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ. ಹಾಗಾಗಿ ಟ್ಯಾಂಕ್ ಪೂರ್ತಿ ತುಂಬಿದಾಗ ಅದರ ಮಾತು ನಂಬಬೇಡಿ. ನಮಗೆ ಬೇಕಾದದ್ದು ನೀರು ಖಾಲಿಯಾಗುವ ಸುದ್ದಿ, ಅದನ್ನು ಸರಿಯಾಗಿ ಹೇಳುತ್ತದೆ. ಒಂದು ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ನೀರು 1 ಸೆಂಟಿಮೀಟರ್ ಇಳಿದರೆ 7.85 ಲೀಟರ್ ಖರ್ಚಾಯಿತು ಎಂದರ್ಥ. ಈ 7.85ನ್ನು ನೆನಪಿಡಿ, ಮಳೆಯ ಲೆಕ್ಕದಲ್ಲಿ ಮತ್ತೆ ಸಿಗುತ್ತದೆ. ಏಣಿ ಹತ್ತುವ ಕೆಲಸ ದೊಡ್ಡವರದ್ದು.

ಅಜ್ಜಿಯ ಹಪ್ಪಳದ ಗ್ರಾಫ್

ಮೇ ತಿಂಗಳೆಂದರೆ ಹಲಸಿನ ಹಪ್ಪಳ. ಬಲಿತ ಕಾಯಿಯ ಸೊಳೆ ಬೇಯಿಸಿ, ಗುದ್ದಿ, ಉಂಡೆ ಮಾಡಿ, ಒತ್ತಿ, ಚಾಪೆಯಲ್ಲಿ ಹರವುವ ಕೆಲಸಕ್ಕೆ ಹೇಗೂ ಮನೆಯವರೆಲ್ಲ ಕೂತಿರುತ್ತಾರೆ. ಅದರ ಜೊತೆಗೆ ಇದನ್ನೂ ಮಾಡಿ. ಹತ್ತು ಹಪ್ಪಳವನ್ನು ಬೇರೆ ತಟ್ಟೆಯಲ್ಲಿಟ್ಟು ಗಂಟೆಗೊಮ್ಮೆ ತಕ್ಕಡಿಯಲ್ಲಿ ತೂಗಿ. ಡಿಎಚ್‌ಟಿ22ನ್ನು ಪಕ್ಕದಲ್ಲೇ, ಆದರೆ ನೆರಳಿನಲ್ಲಿ ಇಡಿ. ಬಿಸಿಲಿಗೆ ಹಿಡಿದರೆ ಅದು ಗಾಳಿಯ ಬಿಸಿ ಬಿಟ್ಟು ತನ್ನ ಪ್ಲಾಸ್ಟಿಕ್ಕಿನ ಬಿಸಿ ಹೇಳುತ್ತದೆ. ತೂಕ ಮೊದಲು ಬೇಗ ಇಳಿದು ಆಮೇಲೆ ನಿಧಾನವಾಗುತ್ತದೆ, ಕೊನೆಗೆ ಗೆರೆ ಮಲಗುತ್ತದೆ.

ಗೆರೆ ಮಲಗಿದ ಹೊತ್ತಿಗೆ ಅಜ್ಜಿಯನ್ನು ಕರೆಯಿರಿ. ಅವರು ಒಂದನ್ನು ಎತ್ತಿ, ಬೆರಳಿನಲ್ಲಿ ಅಂಚು ಬಗ್ಗಿಸಿ ನೋಡಿ, “ನಾಳೆಗೆ ಇನ್ನೊಂದು ಬಿಸಿಲು ಬೇಕು” ಎನ್ನಬಹುದು. ಆಗ ಅಜ್ಜಿಯ ಮಾತೇ ಅಳತೆ. ಮರುದಿನ ತೂಗಿದರೆ ಇನ್ನೂ ನಾಲ್ಕಾರು ಗ್ರಾಂ ಇಳಿದಿರುತ್ತದೆ. ಮೋಡದ ದಿನ ಮತ್ತು ಬಿಸಿಲಿನ ದಿನದ ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಕಡಲ ಕರೆಯ (ತೀರದ) ತೇವ ಏನು ಮಾಡುತ್ತದೆ ಎಂದು ಕಣ್ಣಿಗೇ ಕಾಣುತ್ತದೆ.

ಕರೆಂಟು ಹೋದ ರಾತ್ರಿ

ಆಕಾಶ ನೋಡಲು ಸಾಮಾನು ಬೇಡ. ಮೇ ನಡುವಿನಲ್ಲಿ ರಾತ್ರಿ ಒಂಬತ್ತು, ಒಂಬತ್ತೂವರೆಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಒಂದೂವರೆ, ಎರಡು ಮುಷ್ಟಿ ಎತ್ತರದಲ್ಲಿ ಹುಡುಕಿ. ತೋಟದ ನಡುವಿನ ಮನೆಯಿಂದ ಕಾಣದು, ಕಣ್ವತೀರ್ಥದ ಕಡೆಯೋ ಬೇಕಲದ ಕಡೆಯೋ ಕಡಲ ಕರೆಗೆ ಹೋಗಿ. ಉತ್ತರಕ್ಕೆ ತಿರುಗಿದರೆ ಧ್ರುವ ನಕ್ಷತ್ರ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ, 12.5 ಡಿಗ್ರಿಯ ಹತ್ತಿರ. ಎಪ್ರಿಲ್‌ನ ಕೋಲಿನ ಹೊತ್ತಿಗೆ ಹೇಳಿದ ನಮ್ಮ ಅಕ್ಷಾಂಶವೂ ಅದೇ ಸಂಖ್ಯೆ.

ಮಳೆಮಾಪಕ, ಮೇ ಕೊನೆಯೊಳಗೆ

ಇದೇ ರಜೆಯ ಮುಖ್ಯ ಕೆಲಸ. ಇದಕ್ಕೆ ಗಡುವು ಇದೆ, ಮಳೆ ಕಾಯುವುದಿಲ್ಲ.

ಮೊದಲು ಬರೀ ಬಾಟಲಿ. 10 ಸೆಂಟಿಮೀಟರ್ ವ್ಯಾಸದ ಲಾಳಿಕೆ, 2 ಲೀಟರಿನ ಬಾಟಲಿ. ಈ ಲಾಳಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂಟಿಮೀಟರ್, ಹಾಗಾಗಿ 1 ಮಿಲಿಮೀಟರ್ ಮಳೆಗೆ 7.85 ಮಿಲಿಲೀಟರ್ ನೀರು. ದೊಡ್ಡ ಲಾಳಿಕೆ ಹಾಕಬೇಡಿ. 15 ಸೆಂಟಿಮೀಟರಿನದು ಹಾಕಿದರೆ 113 ಮಿಲಿಮೀಟರಿಗೇ ಬಾಟಲಿ ತುಂಬಿ ಹೋಗುತ್ತದೆ, ನಮ್ಮ ಜೂನ್, ಜುಲೈಗೆ ಅದು ಸಾಲದು. 10ರದ್ದು 250 ಮಿಲಿಮೀಟರ್ ದಾಟುವವರೆಗೆ ತಡೆಯುತ್ತದೆ. ಲಾಳಿಕೆಯ ಅಂಚು ಮಟ್ಟಸವಾಗಿರಲಿ, ನೆಲದಿಂದ ಒಂದಡಿ ಮೇಲೆ ಇರಲಿ, ಇಲ್ಲದಿದ್ದರೆ ಅಂಗಳದ ಹನಿ ಸಿಡಿದು ಒಳಗೆ ಬೀಳುತ್ತದೆ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಎಂಬುದು ನಿಯಮ. ಅಡಿಕೆ ತೋಟದ ಮನೆಯಲ್ಲಿ ಅಷ್ಟು ಜಾಗ ಸಿಗದು, ಇದ್ದುದರಲ್ಲಿ ಹೆಚ್ಚು ಬಯಲಾದ ಕಡೆ ಇಡಿ.

ಅಳೆಯಲು ಅಡುಗೆಮನೆಯ ತಕ್ಕಡಿ ಸಾಕು. ನೀರಿನ 1 ಮಿಲಿಲೀಟರ್ ಅಂದರೆ 1 ಗ್ರಾಂ. ಬಾಟಲಿಯ ಖಾಲಿ ತೂಕ ಕಳೆದು 7.85ರಿಂದ ಭಾಗಿಸಿ. 628 ಗ್ರಾಂ ಬಂದರೆ 80 ಮಿಲಿಮೀಟರ್. ದಿನಾ ಬೆಳಗ್ಗೆ 8:30ಕ್ಕೆ ನೋಡಬೇಕು, ಹವಾಮಾನ ಇಲಾಖೆಯವರ ಹೊತ್ತೂ ಅದೇ. 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಹಳದಿ, ಕಿತ್ತಳೆ, ಕೆಂಪು ಅಲರ್ಟ್ ಎಂದು ರಜೆಯ ಆಸೆಯಿಂದ ಕಿವಿಗೊಡುವ ಮಕ್ಕಳಿಗೆ ಆ ಬಣ್ಣಗಳ ಹಿಂದಿನ ಅಂಕಿ ತಮ್ಮದೇ ಬಾಟಲಿಯಲ್ಲಿ ಸಿಗುತ್ತದೆ. ಇನ್ನೊಂದು ಲೆಕ್ಕವನ್ನೂ ಮಾಡಿಸಿ. 100 ಚದರ ಮೀಟರ್ ಮಾಡಿನ ಮೇಲೆ 80 ಮಿಲಿಮೀಟರ್ ಮಳೆ ಬಿದ್ದರೆ 8,000 ಲೀಟರ್. ಮೇಲೆ ಉದಾಹರಣೆ ಕೊಟ್ಟ ಸುರಂಗ ಒಂದಿಡೀ ದಿನ ಹರಿದರೆ ಹೆಚ್ಚುಕಮ್ಮಿ ಅಷ್ಟೇ.

ಬಾಟಲಿ ಪಳಗಿದ ಮೇಲೆ ಎಲೆಕ್ಟ್ರಾನಿಕ್ ಮಾಪಕ. ಲಾಳಿಕೆಯ ಕೆಳಗೆ ಏತದಂತೆ ತೂಗುವ ಎರಡು ಗೂಡಿನ ತೊಟ್ಟಿ. ಒಂದು ಗೂಡು ತುಂಬಿದಾಗ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ತೊಟ್ಟಿಗೆ ಅಂಟಿಸಿದ ಅಯಸ್ಕಾಂತ ಪ್ರತಿ ಸಲ ರೀಡ್ ಸ್ವಿಚ್ಚಿನ ಮುಂದೆ ಹಾದು ಹೋಗುತ್ತದೆ, ಬೋರ್ಡ್ ಒಂದು ಎಣಿಸುತ್ತದೆ. ಸ್ವಿಚ್ ಒಂದೇ ವಾಲಿಕೆಗೆ ಎರಡು ಮೂರು ಸಲ ಕಂಪಿಸುವುದರಿಂದ ಒಮ್ಮೆ ಎಣಿಸಿದ ಮೇಲೆ 300 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳಲು ಪ್ರೋಗ್ರಾಮಿನಲ್ಲಿ ಹೇಳಿ. ತೊಟ್ಟಿಯನ್ನು ಅಕ್ರಿಲಿಕ್ ಹಾಳೆ ಕತ್ತರಿಸಿ ಮಾಡಬಹುದು, ಸಿದ್ಧ ಸಿಗುವುದನ್ನೂ ತರಿಸಬಹುದು.

ಅಳತೆ ಕೂಡಿಸುವ ಕ್ರಮ ಹೀಗೆ. 500 ಮಿಲಿಲೀಟರ್ ನೀರನ್ನು ಸಣ್ಣ ಧಾರೆಯಲ್ಲಿ ನಿಧಾನವಾಗಿ ಲಾಳಿಕೆಗೆ ಬಿಡಿ. 125 ಸಲ ವಾಲಿದರೆ ಪ್ರತಿ ಸಲಕ್ಕೆ 4 ಮಿಲಿಲೀಟರ್, ಅಂದರೆ 0.51 ಮಿಲಿಮೀಟರ್ ಮಳೆ. ಬೇಗ ಸುರಿದರೆ ತೊಟ್ಟಿ ತಿರುಗುವಷ್ಟರಲ್ಲಿ ಹೆಚ್ಚುವರಿ ನೀರು ಜಾರಿಹೋಗಿ ಎಣಿಕೆ ಕಮ್ಮಿ ಬರುತ್ತದೆ, ಆದ್ದರಿಂದ ಅವಸರ ಬೇಡ.

ಬೋರ್ಡಿನ ಪೆಟ್ಟಿಗೆಗೆ ನಮ್ಮಲ್ಲಿ ಮಳೆಗಿಂತ ದೊಡ್ಡ ಶತ್ರು ಇರುವೆ. ವೈರು ಒಳಹೋಗುವ ಕಿಂಡಿಯನ್ನು ಸಿಲಿಕೋನ್ ಹಾಕಿ ಮುಚ್ಚಿ, ವೈರನ್ನು ಪೆಟ್ಟಿಗೆಯ ಅಡಿಯಿಂದ ತನ್ನಿ. ಬೆಸುಗೆ ಹಾಕಿದ ಜಾಗಗಳಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದರೆ ತೇವಕ್ಕೆ ತುಕ್ಕು ಹಿಡಿಯುವುದಿಲ್ಲ. ಕನೆಕ್ಟರ್ ಮತ್ತು ಸೆನ್ಸರಿನ ರಂಧ್ರಕ್ಕೆ ತಾಗಿಸಬೇಡಿ. ಬೆಸುಗೆ ಹಾಕಿದ ನಂತರ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಸೀಸ ಇರುತ್ತದೆ.

ಮುಂಗಾರು ಕಾಯುವ ದಿನಗಳಲ್ಲಿ ಮಕ್ಕಳಿಗೆ ಇದನ್ನು ಹೇಳಿ. ಕೇರಳಕ್ಕೆ ಮುಂಗಾರು ಬಂತೆಂದು ಘೋಷಿಸಲು ಹವಾಮಾನ ಇಲಾಖೆ ನೋಡುವ 14 ಮಳೆ ಕೇಂದ್ರಗಳಲ್ಲಿ ನಮ್ಮ ಕಾಸರಗೋಡಿನ ಕೂಡ್ಲು ಒಂದು, ಮಂಗಳೂರು ಇನ್ನೊಂದು. ಮೇ 10ರ ನಂತರ ಆ ಕೇಂದ್ರಗಳಲ್ಲಿ ಶೇಕಡಾ 60ರಷ್ಟರಲ್ಲಿ ಎರಡು ದಿನ ಸತತವಾಗಿ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು, ಜೊತೆಗೆ ಗಾಳಿ ಮತ್ತು ಮೋಡದ ಲಕ್ಷಣವೂ ಕೂಡಿಬರಬೇಕು. ನಿಮ್ಮ ಬಾಟಲಿಯಲ್ಲಿ 2.5 ಎಂದರೆ 20 ಗ್ರಾಂ ನೀರು. ಎರಡು ದಿನ ಬಿಡದೆ ಅಷ್ಟು ಬಂದರೆ ಸಂಜೆಯ ವಾರ್ತೆ ಕೇಳಲು ಯಾರನ್ನೂ ಕರೆಯಬೇಕಾಗಿಲ್ಲ.

ಜೂನ್ ಮೊದಲ ವಾರ ಬಾಟಲಿ ಮತ್ತು ಎಲೆಕ್ಟ್ರಾನಿಕ್ ಮಾಪಕ ಎರಡನ್ನೂ ಅಕ್ಕಪಕ್ಕ ಇಡಿ. ಎರಡರ ಅಂಕಿಗಳನ್ನೂ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಉಚಿತ ಸ್ಪ್ರೆಡ್‌ಶೀಟಿನಲ್ಲಿ ಕನ್ನಡದಲ್ಲೇ ಬರೆದಿಡಿ: ದಿನಾಂಕ, ಬಾಟಲಿ, ಮಾಪಕ, ಟಿಪ್ಪಣಿ. ವಾರದ ಮೊತ್ತದಲ್ಲಿ ಮಾಪಕ ಕಮ್ಮಿ ತೋರಿಸುತ್ತಿದ್ದರೆ ಪ್ರೋಗ್ರಾಮಿನ 0.51ನ್ನು ಅದೇ ಪ್ರಮಾಣದಲ್ಲಿ ಏರಿಸಿ. ಟಿಪ್ಪಣಿಯ ಕಾಲಂ ಅಜ್ಜನಿಗೆ ಬಿಡಿ. ಮಹಾಳಿ (ಕೊಳೆರೋಗ) ಬಾರದಂತೆ ಅಡಿಕೆಗೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಟ್ಟ ದಿನವನ್ನು ಅವರು ಅಲ್ಲಿ ಹೇಳಿ ಬರೆಸಲಿ. ಎರಡನೇ ಸಲ ಮದ್ದು ಬಿಡುವುದು 40, 45 ದಿನಕ್ಕೆ. ಆ ನಡುವೆ ಎಷ್ಟು ಮಳೆ ಸುರಿಯಿತು ಎಂದು ಅವರು ಕೇಳಿದಾಗ ಉತ್ತರ ಮಕ್ಕಳ ಕಡತದಲ್ಲಿ ಇರುತ್ತದೆ.